ಐಫೆಲ್ ಟವರ್ ಕೆಳಗೆ ಕುರಿಗಳು

ರಾತ್ರಿ ನಿದ್ದೆ ಬರದೆ ಫ್ರಾನ್ಸಿನ ಲಾರ್ಜಾಕ್ ಅನ್ನೋ ಪ್ರಸ್ಥಭೂಮಿಯ ಬಗ್ಗೆ ಓದುತ್ತಾ ಕೂತಿದ್ದೆ. ಅಲ್ಲಿನ ಸೇನಾ ತರಬೇತಿ ಮೈದಾನವನ್ನು 3,000 ಹೆಕ್ಟೇರಿನಿಂದ 17,000ಕ್ಕೆ ಹಿಗ್ಗಿಸುತ್ತೇವೆ ಅಂತ 1971ರಲ್ಲಿ ಸರ್ಕಾರ ಹೇಳಿತು. ಬರೀ ಕಲ್ಲುನೆಲ, ನಾಲ್ಕು ಕುರಿ, ಇನ್ನೇನಿದೆ ಅನ್ನೋ ಧಾಟಿ. (ರೋಕ್‌ಫರ್ ಚೀಸ್ ಆಗೋದು ಅದೇ ಕುರಿಗಳ ಹಾಲಿನಿಂದ, ಅಲ್ವಾ!) 103 ರೈತರು ಜಾಗ ಬಿಡಲ್ಲ ಅಂತ ಸಹಿ ಹಾಕಿದರು. 1972ರಲ್ಲಿ 60 ಕುರಿಗಳನ್ನು ಪ್ಯಾರಿಸ್‌ಗೆ ತಂದು ಐಫೆಲ್ ಟವರ್ ಬುಡದಲ್ಲಿ ಬಿಟ್ಟರು. ಇತ್ತ ಲಾರ್ಜಾಕ್‌ನಲ್ಲಿ ಪರ್ಮಿಷನ್ ಇಲ್ಲದೆ, ಕಲ್ಲಿನ ಮೇಲೆ ಕಲ್ಲಿಟ್ಟು, ಎಲ್ಲೆಲ್ಲಿಂದಲೋ ಬಂದವರ ಜೊತೆ ಸೇರಿ ದೊಡ್ಡದೊಂದು ಕುರಿದೊಡ್ಡಿ ಕಟ್ಟಿದರು. 1981ರಲ್ಲಿ ಮಿತ್ತೆರಾಂ ಅಧ್ಯಕ್ಷರಾದ ಮೇಲೆ ಯೋಜನೆ ರದ್ದಾಯಿತು. ಹತ್ತು ವರ್ಷ! ಶುರುವಾದಾಗ ಹುಟ್ಟಿದ ಮಗು ಆಗಲೇ ನಾಲ್ಕನೇ ಕ್ಲಾಸು. ನಾನೋ, ಒಂದು ಅರ್ಜಿ ಹಿಡಿದು ಎರಡು ಸಲ ಅಲೆದರೆ ಹಾಳಾಗಿ ಹೋಗಲಿ ಅಂತ ಬಿಟ್ಟುಬಿಡುತ್ತೇನೆ.