ರೋಮ್, ವೆನಿಸ್ ಬಿಟ್ಟು ಇಟಲಿಯಲ್ಲಿ ಎಲ್ಲಿಗೆ ಹೋಗೋಣ?

ಇಟಲಿಗೆ ಹೊರಟವರೆಲ್ಲ ನನ್ನನ್ನು ಕೇಳುವುದು ಒಂದೇ. ‘ರೋಮ್, ಫ್ಲಾರೆನ್ಸ್, ವೆನಿಸ್ ಹೇಗೂ ನೋಡ್ತೀವಿ. ಇನ್ನೊಂದು ದಿನ ಮಿಕ್ಕಿದೆ. ಎಲ್ಲಿಗೆ ಹೋಗೋಣ?’ ಪೀಸಾದ ವಾಲುಗೋಪುರ ಎನ್ನಲಿ ಅಂತ ಕಾಯುತ್ತಿರುತ್ತಾರೆ. ನಾನು ರವೆನ್ನಾ ಎನ್ನುತ್ತೇನೆ. ಆ ಹೆಸರೇ ಕೇಳಿಲ್ಲ ಅನ್ನುವವರೇ ಜಾಸ್ತಿ.

ಬೊಲೋನ್ಯಾದಿಂದ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ. ಇಳಿದ ಕೂಡಲೇ ಸ್ವಲ್ಪ ನಿರಾಸೆ ಆಗಬಹುದು. ಸಪಾಟು ನೆಲ, ಸೈಕಲ್ಲುಗಳು, ಸಾದಾ ಇಟ್ಟಿಗೆ ಕಟ್ಟಡಗಳು. ಆದರೆ ಕ್ರಿ.ಶ. 402ರಲ್ಲಿ ಪಶ್ಚಿಮ ರೋಮನ್ ಸಾಮ್ರಾಜ್ಯದ ರಾಜಧಾನಿ ಇಲ್ಲಿಗೆ ಬಂತು. ಸುತ್ತಲೂ ಜೌಗು ನೆಲ, ಶತ್ರುಗಳು ಸುಲಭವಾಗಿ ನುಗ್ಗಲಾರರು ಅನ್ನುವುದೇ ಕಾರಣ. ಕೊನೆಗೆ 493ರಲ್ಲಿ ಗೋಥರು ಅನ್ನುವ ಜರ್ಮನಿಕ್ ಜನ ಊರು ಹಿಡಿದೇ ಬಿಟ್ಟರು, ಆ ಮಾತು ಬೇರೆ.

ಗಾಲ್ಲಾ ಪ್ಲಚೀದಿಯಾಳ ಸಮಾಧಿ ಅನ್ನುವ ಕಟ್ಟಡವನ್ನು ಮೊದಲು ನೋಡಿ. ಸಮಾಧಿ ಅಂತ ಹೆಸರು ಅಷ್ಟೇ. ಆ ರಾಣಿ ತೀರಿಕೊಂಡದ್ದು 450ರಲ್ಲಿ, ರೋಮ್‌ನಲ್ಲಿ. ಹೊರಗಿಂದ ನೋಡಿದರೆ ಇಟ್ಟಿಗೆಯ ಉಗ್ರಾಣದ ಹಾಗಿದೆ. ತಲೆ ಬಗ್ಗಿಸಿ ಒಳಗೆ ಹೋದರೆ ಮೊದಲು ಬರೀ ಕತ್ತಲೆ. ಕಿಟಕಿಗೆ ಗಾಜಿಲ್ಲ, ತೆಳುವಾದ ಆಲಬಾಸ್ಟರ್ ಕಲ್ಲಿನ ಹಲಗೆಗಳು. ಅದರಿಂದ ಜೇನಿನ ಬಣ್ಣದ ಬೆಳಕು ಸೋಸಿ ಬರುತ್ತದೆ. ಕಣ್ಣು ಹೊಂದಿಕೊಂಡ ಮೇಲೆ ತಲೆಯ ಮೇಲೆ ಕಡುನೀಲಿ ಆಕಾಶ, ತುಂಬಾ ಚಿನ್ನದ ನಕ್ಷತ್ರ. ಗಾಜಿನ ಚೂರುಗಳನ್ನು ಗಾರೆಯಲ್ಲಿ ಒಂದೇ ಸಮ ಕೂರಿಸಿಲ್ಲ, ಒಂದೊಂದನ್ನೂ ಒಂದೊಂದು ಕಡೆಗೆ ಓರೆ ಮಾಡಿದ್ದಾರೆ. ನೀವು ಒಂದು ಹೆಜ್ಜೆ ಸರಿದರೆ ಬೇರೆ ನಕ್ಷತ್ರ ಮಿನುಗುತ್ತದೆ. ಜನ ಜಾಸ್ತಿ ಇದ್ದಾಗ ಐದೇ ನಿಮಿಷ ಬಿಡುವುದು. ಫೋನ್ ಜೇಬಿನಲ್ಲಿರಲಿ.

ಪಕ್ಕದಲ್ಲೇ 547ರ ಸಾನ್ ವಿತಾಲೆ ಚರ್ಚು. ಅಲ್ಲಿ ಪೂರ್ವ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ಜಸ್ಟಿನಿಯನ್, ಅವನ ರಾಣಿ ಥಿಯೊಡೋರಾ ಗೋಡೆಯ ಮೇಲಿನ ಮೊಸಾಯಿಕ್ ಚಿತ್ರಗಳಲ್ಲಿ ಎದುರುಬದುರು ನಿಂತಿದ್ದಾರೆ. ಆತ ಈ ಊರಿಗೆ ಒಮ್ಮೆಯೂ ಕಾಲಿಟ್ಟವನಲ್ಲ!

ಮಹಾಕವಿ ದಾಂತೆ ಸತ್ತದ್ದೂ ಇಲ್ಲೇ, 1321ರಲ್ಲಿ. ಹುಟ್ಟಿದ ಫ್ಲಾರೆನ್ಸ್ ಅವನನ್ನು ಗಡೀಪಾರು ಮಾಡಿತ್ತು. ಆಮೇಲೆ ಎಲುಬು ಕೊಡಿ ಅಂತ ಕೇಳಿತು. 1519ರಲ್ಲಿ ಪೋಪ್ ಕೂಡ ಹೂಂ ಅಂದರು. ಬಂದು ನೋಡಿದರೆ ಪೆಟ್ಟಿಗೆ ಖಾಲಿ! ಇಲ್ಲಿನ ಸನ್ಯಾಸಿಗಳು ಎಲುಬನ್ನು ಬಚ್ಚಿಟ್ಟಿದ್ದರು. ಅದು ಸಿಕ್ಕಿದ್ದು 1865ರಲ್ಲಿ. ಈಗಲೂ ಅವನ ಸಮಾಧಿಯ ದೀಪಕ್ಕೆ ಪ್ರತಿ ವರ್ಷ ಎಣ್ಣೆ ಕಳಿಸುವುದು ಫ್ಲಾರೆನ್ಸ್. ಕಳಿಸಲೇಬೇಕು, ಅಲ್ವಾ?

ಊಟಕ್ಕೆ ಪಿಯಾದೀನಾ, ನಮ್ಮ ದಪ್ಪ ಚಪಾತಿಯ ಹಾಗೆ. ಸಸ್ಯಾಹಾರಿಗಳು ಮೊದಲೇ ಕೇಳಿಕೊಳ್ಳಿ, ಹಿಟ್ಟಿಗೆ ಹಂದಿಯ ಕೊಬ್ಬು ಹಾಕುವುದು ಅಲ್ಲಿನ ವಾಡಿಕೆ. ಆಲಿವ್ ಎಣ್ಣೆಯದೂ ಸಿಗುತ್ತದೆ.

ಚಿಲ್ಲರೆ ಕಾಸು ಇಟ್ಟುಕೊಂಡಿರಿ. ದಾಂತೆಯ ಸಮಾಧಿಯ ಹತ್ತಿರದ ಸಾನ್ ಫ್ರಾನ್ಚೆಸ್ಕೊ ಚರ್ಚಿನ ನೆಲಮಾಳಿಗೆಯಲ್ಲಿ ನೀರು ನಿಂತಿದೆ. ನಾಣ್ಯ ಹಾಕಿದರೆ ದೀಪ ಹತ್ತುತ್ತದೆ. ಹಳೆಯ ಕಂಬಗಳ ನಡುವೆ ಕೆಂಪು ಮೀನುಗಳು ಆರಾಮಾಗಿ ಓಡಾಡುತ್ತಿರುತ್ತವೆ.