ದರಗು ತರೋ ಸೀಸನ್ನು

ಬೆಳಿಗ್ಗೆ ಅತ್ತೆ ದರಗು, ಅಂದ್ರೆ ಉದುರಿದ ಒಣ ಎಲೆ, ತರೋಕೆ ಕಾಡಿಗೆ ಹೊರಟಿದ್ರು, ಜಗಲಿ ಮೇಲೆ ಕೂತು ಉಣುಗು (ಉಣ್ಣೆ ಹುಳ) ಕಚ್ಚದ ಹಾಗೆ ಕಾಲಿಗೆಲ್ಲ ಡೇಪಾ ಎಣ್ಣೆ ಹಚ್ಕೋತಿದ್ರು, ಬೆರಳ ಸಂದೀನೂ ಬಿಡದೆ.

ಮಂಗನ ಕಾಯಿಲೆ ಕಾಲ, ಸತ್ತ ಮಂಗ ಕಂಡ್ರೆ ಹತ್ರ ಹೋಗ್ಬೇಡಿ ಅತ್ತೆ ಅಂದೆ. "ಗೊತ್ತು ಮಾರಾಯ್ತಿ, ಆಶಾದವ್ರಿಗೆ ಫೋನ್ ಮಾಡ್ತೀನಿ" ಅಂದ್ರು.

1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಯ್ತಾ ಹೋದಾಗ ಗೊತ್ತಾದ ಕಾಯಿಲೆ ಇದು, ಇವತ್ತಿಗೂ ಮಲೆನಾಡು ಬಿಟ್ಟಿಲ್ಲ. ನಂಗೆ ಮಂಗಗಳ ಮೇಲೇ ಪಾಪ ಅನ್ಸತ್ತೆ. ಅವೂ ನಮ್ಮ ಹಾಗೆ ಉಣುಗು ಕಚ್ಚಿನೇ ಸಾಯೋದು, ಸತ್ತ ಮೇಲೆ ಮೈಮೇಲಿದ್ದ ಉಣುಗೆಲ್ಲ ಇಳಿದು ಅಲ್ಲೇ ಎಲೆ ಮಧ್ಯೆ ಸೇರ್ಕೊಳತ್ತೆ, ಅದೂ ಜಾಸ್ತಿ ಕಚ್ಚೋದು ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಮರಿಗಳು, ನಾವು ದರಗು ಗುಡಿಸೋ ಇದೇ ಬೇಸಿಗೇಲಿ.

ಕೊಟ್ಟಿಗೆಗೆ ದರಗು ಬೇಕು, ತೋಟಕ್ಕೆ ಗೊಬ್ಬರ ಬೇಕು, ಕಾಡಿಗೆ ಹೋಗ್ಬೇಡಿ ಅಂತ ಹೇಳೋದು ಹೆಂಗೆ?

ಒಂದು ಮಾತ್ರ ಎಲ್ರಿಗೂ ಹೇಳ್ಬೇಕು, ಇದು ಮನುಷ್ಯರಿಂದ ಮನುಷ್ಯರಿಗೆ ಹರಡಲ್ಲ. ಜ್ವರ ಬಂದವ್ರ ಮನೆಗೆ ಧೈರ್ಯವಾಗಿ ಹೋಗಿ, ಗಂಜಿ ಮಾಡ್ಕೊಡಿ, ರಕ್ತ ಪರೀಕ್ಷೆಗೆ ಕರ್ಕೊಂಡು ಹೋಗಿ.