ಎನ್‌ಓಸಿ ಹೋಯ್ತು, ಬೇಸಿಕ್ ನೋಡ್ಕೊಳ್ಳಿ

ರಜೆಗೆ ಊರಿಗೆ ಬಂದ ಗಲ್ಫ್ ಹುಡುಗರಿಗೆಲ್ಲ ನನ್ನ ಹತ್ತಿರ ಕೇಳೋಕೆ ಇರೋದು ಒಂದೇ ಪ್ರಶ್ನೆ: "ಎನ್‌ಓಸಿ ಇಲ್ಲದೆ ಕಂಪನಿ ಬಿಡಬಹುದಂತೆ, ಹೌದಾ ಅಣ್ಣ?" ದೋಹಾದಲ್ಲಿ ಎಸಿ ಕೆಲಸ ಮಾಡಿ ಬಂದು ತೀರ್ಥಹಳ್ಳಿಯಲ್ಲಿ ಅಂಗಡಿ ಹಾಕಿದವನು ನಾನು. ಹಾಗಾಗಿ ನನಗೆ ಕತಾರಿನ ಕಾನೂನು ಪೂರ್ತಿ ಬಾಯಿಪಾಠ ಅಂತ ಇವರ ನಂಬಿಕೆ.

ಹೌದು, ಬಿಡಬಹುದು. ಎನ್‌ಓಸಿ, ಅಂದರೆ ಬೇರೆ ಕಡೆ ಸೇರೋಕೆ ಹಳೆ ಕಂಪನಿ ಬರೆದುಕೊಡುವ ಒಪ್ಪಿಗೆ ಪತ್ರ, ಕತಾರ್‌ನಲ್ಲಿ 2020ರಲ್ಲೇ ತೆಗೆದರು. ನಾನು ಹೋದ ಕಾಲದಲ್ಲಿ ಕಫೀಲ್, ಅಂದರೆ ವೀಸಾ ಕೊಟ್ಟು ಕರೆಸಿಕೊಂಡ ಮಾಲೀಕ, ಬರೆದುಕೊಡದೆ ಇನ್ನೊಂದು ಕಂಪನಿ ಮೆಟ್ಟಿಲು ಹತ್ತುವ ಹಾಗಿರಲಿಲ್ಲ. ಊರಿಗೆ ಬರೋಕೂ ಅವನದೇ ಎಕ್ಸಿಟ್ ಪರ್ಮಿಟ್ ಬೇಕಿತ್ತು, 2018ರಲ್ಲಿ ಅದು ಹೆಚ್ಚಿನವರಿಗೆ ತಪ್ಪಿತು. ನಮ್ಮ ತೋಟದಲ್ಲಿ ಅಡಿಕೆ ಇಳಿಸುವ ಕೊನೆಗಾರನಿಗೆ ಒಂದು ಮಾತು ಹೆಚ್ಚು ಹೇಳಿ ನೋಡಿ, ಮಾರನೇ ದಿನ ಪಕ್ಕದವರ ತೋಟದ ಮರದಲ್ಲಿರುತ್ತಾನೆ. ಐಟಿಐ ಮಾಡಿ ವಿಮಾನ ಹತ್ತಿದ ನಮಗೆ ಅಷ್ಟು ಸ್ವಾತಂತ್ರ್ಯವೂ ಇರಲಿಲ್ಲ.

ಈಗ ನೋಟಿಸ್ ಕೊಟ್ಟರಾಯಿತು. ಕೆಲಸಕ್ಕೆ ಸೇರಿ ಎರಡು ವರ್ಷದ ಒಳಗಾದರೆ ಒಂದು ತಿಂಗಳು, ದಾಟಿದ್ದರೆ ಎರಡು ತಿಂಗಳು. ಪ್ರೊಬೇಷನ್‌ನಲ್ಲೂ ಬಿಡಬಹುದು, ಆದರೆ ಆಗ ಹೊಸ ಕಂಪನಿ ಹಳೆಯದಕ್ಕೆ ನಿಮ್ಮನ್ನು ಕರೆಸಿಕೊಂಡ ಖರ್ಚಿನ ಪಾಲು ಕೊಡಬೇಕು, ಎರಡು ತಿಂಗಳ ಬೇಸಿಕ್ (ಭತ್ಯೆಗಳನ್ನು ಬಿಟ್ಟ ಮೂಲ ಸಂಬಳ) ಮೀರದ ಹಾಗೆ. ಅಷ್ಟು ಕೊಟ್ಟು ಹೊಸ ಹುಡುಗನನ್ನು ಯಾರು ತಗೊಳ್ತಾರೆ?

ಮಳೆಗಾಲದಲ್ಲಿ ತೋಟಕ್ಕೆ ಬೋರ್ಡೋ ಔಷಧಿ ಹೊಡೆಸುತ್ತಿದ್ದಾಗ ಅಣ್ಣನ ಮಗನ ವಾಯ್ಸ್ ಮೆಸೇಜ್ ಬಂತು. ಅವನೂ ದೋಹಾದಲ್ಲೇ ಚಿಲ್ಲರ್ ಟೆಕ್ನಿಷಿಯನ್, ದೊಡ್ಡ ಕಟ್ಟಡಗಳ ಎಸಿ ಯಂತ್ರದ ಕೆಲಸ. "ಚಿಕ್ಕಪ್ಪಾ, ನಾಳೆಯಿಂದ ಡ್ಯೂಟಿಗೆ ಹೋಗಲ್ಲ. ಬೇರೆ ಕಡೆ ಮಾತಾಗಿದೆ." ತೋಟದೊಳಗೆ ಸಿಗ್ನಲ್ ನಿಲ್ಲಲ್ಲ, ಪಕ್ಕದ ಧರೆಯ ದಿಬ್ಬ ಹತ್ತಿ ಫೋನ್ ಮಾಡಿದೆ.

"ಆಫರ್ ಲೆಟರ್ ಬಂತನಾ?"

"ಇಲ್ಲ, ಕೊಡ್ತೀನಿ ಅಂದಿದಾರೆ."

ಚೆನ್ನಾಗಿ ಬೈದೆ. ಡ್ಯೂಟಿಗೆ ಹೋಗದೆ ಕೂತರೆ ಕಂಪನಿಯ ಮಂದೂಬ್ (ಸರ್ಕಾರಿ ಕಚೇರಿ ಕೆಲಸಕ್ಕೆ ಓಡಾಡುವವನು) ಹೋಗಿ 'ಓಡಿಹೋದ' ಅಂತ ಕೇಸು ಬರೆಸಿ ಬರಬಹುದು. ಆಮೇಲೆ ಎನ್‌ಓಸಿ ಬೇಡ ಅನ್ನೋ ಕಾನೂನು ಇದ್ದೂ ಪ್ರಯೋಜನವಿಲ್ಲ, ಪೊಲೀಸರಿಗೆ ಉತ್ತರ ಹೇಳುವುದೇ ಕೆಲಸ. ನೋಟಿಸ್ ಅವಧಿ ಮುಗಿಸದೆ ಎದ್ದರೆ ಉಳಿದ ದಿನಗಳ ಬೇಸಿಕ್ಕನ್ನೂ ನೀವೇ ಕಟ್ಟಿಕೊಡಬೇಕು. ಹಾಗಾಗಿ ಕಸ ಗುಡಿಸೋಕೆ ಹಾಕಿದರೂ ಕೊನೇ ದಿನದವರೆಗೆ ಹೋಗು ಅಂದೆ. ಮೊದಲು ಆಫರ್ ಲೆಟರ್, ಆಮೇಲೆ ಅಲ್ಲಿನ ಕಾರ್ಮಿಕ ಸಚಿವಾಲಯದ ವೆಬ್‌ಸೈಟಿನಲ್ಲಿ ನೋಟಿಸ್, ಮೊಬೈಲಿಗೆ ಮೆಸೇಜ್ ಬಂದ ಮೇಲೆ ಉಳಿದದ್ದು.

ವಾರ ಕಳೆದು ಲೆಟರಿನ ಫೋಟೋ ಕಳಿಸಿದ. ಮೂಲೆಯಲ್ಲಿ ಅವನ ಹೆಬ್ಬೆರಳು, ಒಂದು ಕಡೆ ಅರಬಿ, ಒಂದು ಕಡೆ ಇಂಗ್ಲಿಷ್. ಒಟ್ಟು 2,200 ರಿಯಾಲ್. ಹುಡುಗ ಖುಷಿಯಲ್ಲಿದ್ದ. ನಾನು ಬಿಡಿಸಿ ನೋಡಿದೆ: ಬೇಸಿಕ್ 1,000, ರೂಮು 500, ಊಟ 300, ಅದರ್ಸ್ 400. ಮೊದಲ ಮೂರೂ 2021ರ ಮಾರ್ಚ್‌ನಿಂದ ಯಾರಿಗಾದರೂ ಕೊಡಲೇಬೇಕಾದ ಕನಿಷ್ಠ ಮೊತ್ತ, ರೂಮು ಊಟದ್ದು ಕಂಪನಿಯೇ ಅವನ್ನು ಒದಗಿಸದಿದ್ದರೆ. ಹೊಸದಾಗಿ ಬಂದ ಹೆಲ್ಪರ್‌ಗೂ ಅಷ್ಟೇ. ಇವನ ಕೈಚಳಕಕ್ಕೆ ಅಂತ ಸೇರಿಸಿದ್ದು ಆ 400, ಅದೂ 'ಅದರ್ಸ್' ಅನ್ನೋ ಹೆಸರಲ್ಲಿ.

ನಮ್ಮ ಹುಡುಗರು ಒಟ್ಟು ಮೊತ್ತ ನೋಡಿ ಸಹಿ ಹಾಕುತ್ತಾರೆ, ನನಗೆ ಸಿಟ್ಟು ಬರೋದೇ ಅಲ್ಲಿ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಲೆಕ್ಕ ಬೇಸಿಕ್ ಮೇಲೆ, ವರ್ಷಕ್ಕೆ ಕಡಿಮೆಯೆಂದರೂ ಮೂರು ವಾರದ್ದು. ಬೇಸಿಕ್ 1,000 ಆದರೆ ವರ್ಷಕ್ಕೆ 700 ರಿಯಾಲ್. ಅದೇ 400ನ್ನು ಬೇಸಿಕ್‌ಗೆ ಸೇರಿಸಿ 1,400 ಮಾಡಿಸಿಕೊಂಡರೆ 980. ತಿಂಗಳ ಸಂಬಳ ಅಷ್ಟೇ ಇರುತ್ತದೆ, ಆದ್ದರಿಂದ ಕಂಪನಿಯವರೂ ಹೆಚ್ಚು ಎಳೆದಾಡುವುದಿಲ್ಲ. ಕೇಳು ಅಂದೆ. ಕೇಳಿದ, ಬದಲಿಸಿಕೊಟ್ಟರು.

"ಪಾಸ್‌ಪೋರ್ಟ್ ಎಲ್ಲಿದೆಯೋ?" ಅಂದರೆ "ಆಫೀಸಿನ ಲಾಕರ್‌ನಲ್ಲಿ, ಸೇಫಾಗಿದೆ" ಅಂದ! ಹಾಗೆ ಇಟ್ಟುಕೊಂಡ ಕಂಪನಿಗೆ 25,000 ರಿಯಾಲ್‌ವರೆಗೆ ದಂಡ ಬೀಳಬಹುದು. ನೋಟಿಸ್ ಹಾಕುವ ಮುಂಚೆಯೇ ಏನಾದರೂ ನೆಪ ಹೇಳಿ ಈಸಿಕೊಳ್ಳೋಕೆ ಹೇಳಿದೆ.

ನನ್ನನ್ನು ಕೇಳಿದರೆ, ಈಗ ಹುಡುಗರನ್ನು ಹಿಡಿದಿಟ್ಟಿರುವುದು ಎನ್‌ಓಸಿ ಅಲ್ಲ. ಮಲಗುವ ಮಂಚ ಕಂಪನಿಯ ಕ್ಯಾಂಪಿನದು, ಐಡಿ ರಿನ್ಯೂ ಮಾಡಿಸುವವರು ಕಂಪನಿಯವರು, ಮನೆಯಲ್ಲಿ ಚಿನ್ನ ಸೊಸೈಟಿಯಲ್ಲಿ ಅಡವು. ನಮ್ಮ ಸರ್ಕಾರದ ನಿಯಮದಂತೆ ಏಜೆಂಟ್ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ ಬಿಟ್ಟು ಹೆಚ್ಚು ತಗೊಳ್ಳುವ ಹಾಗಿಲ್ಲ. ತಗೊಂಡದ್ದು ಎಷ್ಟು ಅಂತ ಅಣ್ಣ ಇವತ್ತಿಗೂ ನನಗೆ ಸರಿಯಾಗಿ ಬಾಯಿ ಬಿಟ್ಟಿಲ್ಲ.

ಸೌದಿಯಲ್ಲಿರುವವರು ಇದನ್ನೇ ಓದಿಕೊಂಡು ಹೊರಡಬೇಡಿ. ಅಲ್ಲಿ ವ್ಯವಹಾರ ಕಿವಾ ಅನ್ನೋ ಸರ್ಕಾರಿ ಪೋರ್ಟಲ್‌ನಲ್ಲಿ, ನಿಯಮ ಬೇರೆ. ಕಂಪನಿ ಬದಲಿಸೋಕೆ 2021ರಲ್ಲಿ ಕೊಟ್ಟ ಸಡಿಲಿಕೆ ಮನೆ ಡ್ರೈವರ್, ಮನೆಗೆಲಸದವರಿಗೆ ಅನ್ವಯಿಸಲೇ ಇಲ್ಲ.

ಹುಡುಗ ಈಗ ಹೊಸ ಕಂಪನಿಯಲ್ಲಿದ್ದಾನೆ. ಹಳೆಯವರು ಲೆಕ್ಕ ಚುಕ್ತಾ ಮಾಡೋಕೆ ಸತಾಯಿಸಿದರು, ಕೊನೆಗೆ ಕೊಟ್ಟರು. ಅಣ್ಣ ಮೊನ್ನೆ ಅಂಗಡಿಗೆ ಬಂದು, ಚಿಕ್ಕವನನ್ನೂ ಕಳಿಸೋಣವೇನೋ ಅಂದ. ಐಟಿಐ ಮುಗಿಸಲಿ, ಆ ಸೊಸೈಟಿ ಸಾಲ ತೀರಲಿ, ಆಮೇಲೆ ನೋಡೋಣ ಅಂದಿದ್ದೇನೆ.